ಭಾನುವಾರ ಏಳೂವರೆಗೆ

ಮತ್ತೆ ಬಂತು ನನ್ನ ಮುಂದೆ ಆ ಬಿದಿರಿನ ಬುಟ್ಟಿ, ಹಬೆ ಇನ್ನೂ ಏಳುತ್ತಲೇ ಇದೆ, ಎಂಟು ಕಡುಬುಗಳಲ್ಲಿ ಮೂರು ಉಳಿದಿವೆ, ಮೇಜಿನ ನಡುವಿನ ಈ ಗಾಜಿನ ಹಲಗೆಯನ್ನು ಯಾರು ತಿರುಗಿಸುತ್ತಾರೋ, ಸುಮ್ಮನೆ ಕೂತವಳನ್ನೂ ಊಟವೇ ಹುಡುಕಿಕೊಂಡು ಬರುತ್ತದೆ, ತಕ್ಕೊಳ್ಳಿ ಮಾಮಿ, ತಣಿದ್ರೆ ರುಚಿ ಇಲ್ಲ ಎನ್ನುತ್ತಾನೆ ಅಳಿಯ ಪೃಥ್ವಿರಾಜ್, ತಕ್ಕೊಂಡೆ ತಕ್ಕೊಂಡೆ ಎನ್ನುತ್ತೇನೆ, ಎಲ್ಲಿ ತಕ್ಕೊಂಡೆ, ನನ್ನ ಬಾಯಿಗೆ ಹೋಗಿ ಬಂದ ಈ ಚೀನೀ ಊಟದ ಕಡ್ಡಿಯನ್ನು ಐದು ಜನ ತಿನ್ನುವ ಬುಟ್ಟಿಗೆ ಹಾಕುವುದು ಹೇಗೆ, ಬುಟ್ಟಿ ಇಲ್ಲಿಂದ ನೇರ ಮಗಳು ಅಶ್ಮಿತಾಳ ಮುಂದಕ್ಕೆ ಹೋಗುತ್ತದೆ, ಅವಳ ಕಡ್ಡಿಯಿಂದ ಅವಳ ಬೆರಳಿಗೆ, ಬೆರಳಿನಿಂದ ಮೊಮ್ಮಗಳು ಬಾಲೆಯ ಬಾಯಿಗೆ — ಅಯ್ಯೋ ದೇವರೇ, ಎಷ್ಟು ಹತ್ತಿರದ ದಾರಿ. ನೀರು ಕುಡಿ ರಾಜೀವಿ, ನೀರು ಕುಡಿಯುವವಳನ್ನು ಯಾರೂ ಏನೂ ಕೇಳುವುದಿಲ್ಲ, ಐವತ್ತು ತುಂಬಿದ ದಿನ ಹೆಂಗಸು ನೀರು ಕುಡಿಯುತ್ತಾ ಕೂತರೆ ಡಯಟ್ ಅಂದುಕೊಳ್ಳುತ್ತಾರೆ. ಮುಖ ಮಾತ್ರ ಬಲಗಡೆಗೆ, ಗಂಡನ ಕಡೆಗೆ ಇರಲಿ, ಯಾಕೆಂದರೆ ಎಡಗಡೆಗೆ ಬಾಲೆಯ ಎತ್ತರದ ಕುರ್ಚಿ, ಹತ್ತು ತಿಂಗಳ ಮಗು, ಕೆಳಗೆ ಎರಡು ಹಲ್ಲು, ನಾನು ಉಸಿರು ಬಿಟ್ಟರೆ ಅವಳ ನೆತ್ತಿಯ ಕೂದಲು ಅಲ್ಲಾಡುವಷ್ಟು ಹತ್ತಿರ, ಬೇಡ ಬೇಡ ಎಂದರೂ ಅಶ್ಮಿತಾಳೇ ತಂದಿಟ್ಟಳು, ಇವತ್ತಿನಿಂದಲೇ ಅಭ್ಯಾಸ ಆಗ್ಲಿ ಅಮ್ಮ, ಹೇಗೂ ರಾತ್ರಿ ನಿನ್ನ ಜೊತೆಯೇ ಮಲಗುದಲ್ವಾ ಅಂತ. ಮೇಜಿನ ಕೆಳಗೆ ನನ್ನ ಕಾಲಿಗೆ ತಾಗುತ್ತಿದೆ ಬಾಲೆಯ ಬ್ಯಾಗು, ಬಟ್ಟೆ, ಹಾಲಿನ ಪುಡಿ, ರಾಗಿ, ಅವಳಿಗೆ ನಿದ್ದೆ ಬರಬೇಕಾದರೆ ಬೇಕೇ ಬೇಕಾದ ಹಳೆಯ ಮಸ್ಲಿನ್ ಬಟ್ಟೆ, ತೊಟ್ಟಿಲು ಅವರ ಕಾರಿನ ಡಿಕ್ಕಿಯಲ್ಲಿದೆ, ಊಟ ಮುಗಿದ ಮೇಲೆ ಅದೆಲ್ಲ ನಮ್ಮ ಕಾರಿಗೆ ಬರುತ್ತದೆ, ದುಬೈಯ ದೇರಾದಲ್ಲಿರುವ ನಮ್ಮ ಎರಡು ಕೋಣೆಯ ಮನೆಗೆ ಬರುತ್ತದೆ, ಮಗಳು ಅಳಿಯ ಅಬುಧಾಬಿಗೆ ವಾಪಸು ಹೋಗುತ್ತಾರೆ, ಭಾನುವಾರ ಅವಳಿಗೆ ಹೊಸ ಕೆಲಸ, ಬಾಲೆ ನನಗೆ. ಆರು ತಿಂಗಳಿಂದ ನಾನೇ ಕಾಡಿ ಬೇಡಿ ಮಾಡಿಸಿಕೊಂಡ ಏರ್ಪಾಡು ಇದು.

ಊಟ ಮುಗಿಯುವ ಮೊದಲು ಹೇಳಬೇಕು. ಹೇಳಲೇಬೇಕು, ಕಾರಿನ ತನಕ ಹೋದರೆ ಖಲಾಸ್, ಆಮೇಲೆ ನನ್ನಿಂದ ಆಗುವುದಿಲ್ಲ, ಆ ಮಗು ಹೆಗಲ ಮೇಲೆ ತಲೆ ಇಟ್ಟಿತು ಅಂದರೆ ನಾನು ಯಾವ ಸುಳ್ಳಿಗೂ ತಯಾರಾಗುವವಳೇ, ನನ್ನನ್ನು ನಾನು ಬಲ್ಲೆ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಬಂಗುಡೆ ಕೊಯ್ಯುತ್ತಿದ್ದೆ, ಫೋನು ಬಂತು, ಕೈ ಮೀನಿನ ನೆತ್ತರು, ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ, ರಾಜೀವಿ ಮೋಹನದಾಸ್ ಅಲ್ವಾ ಮೇಡಂ ಎಂದಿತು ಒಂದು ಹುಡುಗಿಯ ಧ್ವನಿ, ಮಲಯಾಳಿಯ ಹಿಂದಿ, ವೀಸಾ ಮೆಡಿಕಲ್ ಸೆಂಟರಿನಿಂದ ಮಾತಾಡುವುದು, ಸೋಮವಾರ ತೆಗೆದ ಎಕ್ಸ್‌ರೇಯಲ್ಲಿ ಡಾಕ್ಟರಿಗೆ ಏನೋ ಸರಿ ಕಾಣುತ್ತಿಲ್ಲ, ಭಾನುವಾರ ಬೆಳಿಗ್ಗೆ ಏಳೂವರೆಗೆ ಬನ್ನಿ, ಇನ್ನೊಂದು ಎಕ್ಸ್‌ರೇ, ಕಫದ ಪರೀಕ್ಷೆ, ಏನೂ ತಿಂದು ಬರಬೇಡಿ, ಕೆಮ್ಮು ಇದೆಯಾ ಮೇಡಂ. ಇಲ್ಲ ಎಂದೆ. ಅಷ್ಟು ಹೊತ್ತಿಗೇ ಕೆಮ್ಮು ಬಂತು, ನುಂಗಿದೆ, ಕಣ್ಣಲ್ಲಿ ನೀರು ಬಂತು. ಗುರುವಾರ ಫೋನು ಮಾಡಿ ಭಾನುವಾರ ಬಾ ಎನ್ನುತ್ತಾರೆ, ನಡುವೆ ಶುಕ್ರವಾರ ಶನಿವಾರ ರಜೆ, ಅವರಿಗೆ ರಜೆ, ನನ್ನ ಎದೆಗೆ ಯಾವ ರಜೆ. ಇಲ್ಲಿಗೆ ಬಂದ ಇಪ್ಪತ್ತೆಂಟು ವರ್ಷದಲ್ಲಿ ವೀಸಾಕ್ಕಾಗಿ ಎಷ್ಟು ಸಲ ಆ ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಂತಿದ್ದೇನೆ, ಉಸಿರು ಎಳೆಯಿರಿ, ಹಿಡಿಯಿರಿ, ಬಿಡಿ, ಪ್ರತಿ ಸಲ ಒಳಗೊಳಗೆ ಕೃಷ್ಣ ಕೃಷ್ಣ ಎನ್ನುತ್ತಾ, ಪ್ರತಿ ಸಲ ಪಾಸು, ಆಮೇಲೆ ಆಮೇಲೆ ಹೆದರುವುದೇ ಮರೆತುಹೋಯಿತು, ಹೆದರಿಕೆಯೂ ಒಂದು ಹಳೆಯ ಸೀರೆಯ ಹಾಗೆ ಪೆಟ್ಟಿಗೆಯ ತಳಕ್ಕೆ ಹೋಯಿತು, ಈ ಸಲ ಉಸಿರು ಹಿಡಿಯಿರಿ ಎಂದಾಗ ಹಿಡಿಯಲು ಆಗಲಿಲ್ಲ, ಕೆಮ್ಮಿದೆ, ಆ ಹುಡುಗ ಇನ್ನೊಮ್ಮೆ ತೆಗೆದ. ಅದೇ ಶಕುನ ಅಂತ ಆಗಲೇ ತಿಳಿಯಬೇಕಿತ್ತು. ಮೂರು ವಾರದ ಕೆಮ್ಮನ್ನು ಎ.ಸಿ.ಯ ಮೇಲೆ ಹಾಕಿ, ಮರಳುಗಾಳಿಯ ಮೇಲೆ ಹಾಕಿ, ಕೊನೆಗೆ ಪಕ್ಕದ ಮನೆಯ ಅಗರಬತ್ತಿಯ ಮೇಲೂ ಹಾಕಿದ್ದೇನೆ ನಾನು.

ಫೋನು ಇಟ್ಟವಳೇ ಮೇಲಿನ ಮಾಳಿಗೆಯ ಗರ್ಟ್ರೂಡ್ ಬಾಯಿಯ ಬಾಗಿಲು ತಟ್ಟಿದೆ, ಶಿರ್ವದವಳು, ಆಸ್ಪತ್ರೆಯಲ್ಲಿ ನರ್ಸು, ನೈಟ್ ಡ್ಯೂಟಿ ಮುಗಿಸಿ ಮಲಗಿದ್ದವಳನ್ನು ಎಬ್ಬಿಸಿ ನನ್ನ ಪರಿಚಯದವರೊಬ್ಬರಿಗೆ ಹೀಗಾಗಿದೆ ಎಂದೆ, ಅವಳು ನಿದ್ದೆಗಣ್ಣಿನಲ್ಲೇ ಹೇಳಿದಳು, ನೋಡಿ ರಾಜೀವಿ ಬಾಯಿ, ಹಳೇ ಕಲೆ ಮಾತ್ರ ಆದ್ರೆ ಯಾರಿಗೂ ಎಂತದೂ ಆಗುದಿಲ್ಲ, ಕಫದಲ್ಲಿ ಸಿಕ್ಕಿದ್ರೆ ಬೇರೆ ವಿಷಯ, ಅದು ಗಾಳಿಯಲ್ಲಿ ಹೋಗುದು, ಕೆಮ್ಮಿನಲ್ಲಿ, ಮಾತಾಡುವಾಗ ಸಹ, ತಟ್ಟೆ ಲೋಟದಲ್ಲಿ ಅಲ್ಲ, ಅವರ ಮನೆಯಲ್ಲಿ ಸಣ್ಣ ಮಕ್ಕಳು ಉಂಟಾ. ಉಂಟು ಎಂದೆ. ಹಾಗಾದ್ರೆ ರಿಸಲ್ಟ್ ಬರುವ ತನಕ ಹತ್ರ ಬಿಡ್ಲೇಬಾರ್ದು, ಸಣ್ಣ ಮಕ್ಕಳಿಗೆ ಅದು ತಲೆಗೆ ಏರಿದ್ರೆ ಮುಗೀತು, ನಾನು ವಾರ್ಡಿನಲ್ಲಿ ನೋಡಿದ್ದೇನೆ, ಹೇಳಿ ಅವರಿಗೆ, ನಾಚಿಕೆ ಬೇಡ ಹೇಳಿ, ಮದ್ದು ಉಂಟು, ಗುಣ ಆಗ್ತದೆ. ಆಮೇಲೆ ನನ್ನ ಮುಖ ನೋಡಿದಳು, ಸ್ವಲ್ಪ ಹೆಚ್ಚೇ ನೋಡಿದಳು, ಚಾ ಕುಡಿದು ಹೋಗಿ ಎಂದಳು, ನಾನು ಒಲೆಯ ಮೇಲೆ ಸಾರು ಉಂಟು ಎಂದು ಇಳಿದು ಬಂದೆ. ಗಾಳಿಯಲ್ಲಿ ಎಂದಳಲ್ಲ, ಆದರೆ ನನಗೆ ಕಲಿಸಿದ್ದು ಎಂಜಲು, ಮೂವತ್ತೊಂದು ವರ್ಷದ ಹಿಂದೆ ಕಾರ್ಕಳದ ಚಿಕ್ಕಮ್ಮನ ಮನೆಯ ಹಿಂದಿನ ಜಗಲಿಯಲ್ಲಿ ಕಲಿಸಿದ್ದು, ನಿನ್ನ ತಟ್ಟೆ ಇದು, ನಿನ್ನ ಲೋಟ ಇದು, ತಳದಲ್ಲಿ ಮೊಳೆಯಿಂದ ಗೀರಿದ ಗುರುತು ಉಂಟು ನೋಡು, ಬೇರೆಯದಕ್ಕೆ ಕೈ ಹಾಕಬೇಡ. ಚಿಕ್ಕಮ್ಮನ ಸಣ್ಣ ಮಗ ನನ್ನ ತಟ್ಟೆಯಿಂದ ಹಪ್ಪಳದ ಚೂರು ಎತ್ತಿಕೊಂಡು ತಿಂದಾಗ ಅವನಿಗೆ ಬಿದ್ದ ಪೆಟ್ಟು, ಬಾಯಿಗೆ ಬೆರಳು ಹಾಕಿ ಉಗುಳಿಸಿದ್ದು, ನಾನು ಕಂಬ ಹಿಡಿದು ನಿಂತದ್ದು. ಹತ್ತೊಂಬತ್ತು ವರ್ಷ ನನಗೆ.

ದಿನಕ್ಕೊಂದು ಚುಚ್ಚುಮದ್ದು ಎರಡು ತಿಂಗಳು, ಕೂರಲೂ ಆಗದು, ಮತ್ತೆ ಮಾತ್ರೆ, ಕೆಂಪು ಮಾತ್ರೆ, ಅದನ್ನು ನುಂಗಿದರೆ ಮೂತ್ರವೂ ಕೆಂಪು, ಮೊದಲ ದಿನ ಸಾಯುತ್ತೇನೆ ಅಂತಲೇ ಅತ್ತಿದ್ದೆ, ಡಾಕ್ಟರು ನಕ್ಕು, ಅದು ಮದ್ದಿನ ಬಣ್ಣ ಮಗಾ, ಹೆದರಬೇಡ, ಆದರೆ ಒಂದು ದಿನವೂ ಬಿಡಬೇಡ, ಪೂರ್ತಿ ಆಗುವವರೆಗೆ ಬಿಡಬೇಡ ಎಂದರು. ಬಿಟ್ಟೆವು. ಏಳನೇ ತಿಂಗಳಿಗೆ ಮೈ ತುಂಬಿಕೊಂಡಿತು, ಕೆನ್ನೆಗೆ ಬಣ್ಣ ಬಂತು, ಅದೇ ಹೊತ್ತಿಗೆ ದುಬೈಯಲ್ಲಿರುವ ಹುಡುಗ, ಬಟ್ಟೆ ವ್ಯಾಪಾರದವರಲ್ಲಿ ಕೆಲಸ, ರಜೆ ಒಂದೇ ತಿಂಗಳು, ನೋಡಿ ಒಪ್ಪಿಯಾಯಿತು, ಅಮ್ಮ ಹೇಳಿದಳು, ಅವರ ಮನೆಯಲ್ಲಿ ಇರುವುದು ಒಂದೇ ಬಚ್ಚಲು, ಅತ್ತೆ ಕಣ್ಣಿಗೆ ಕೆಂಪು ಬಿದ್ದರೆ ಎಂತ ಹೇಳ್ತಿ, ಸಾಕು, ಗುಣ ಆಗಿದೆಯಲ್ಲ, ಯಾರಾದರೂ ಕೇಳಿದರೆ ಟೈಫಾಯ್ಡ್ ಆಗಿತ್ತು ಹೇಳು. ಉಳಿದ ಮಾತ್ರೆಗಳನ್ನು ಅವಳೇ ಬಚ್ಚಲ ಒಲೆಗೆ ಹಾಕಿದಳು, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ನನಗಾಗಿ ಮಾಡಿದಳು ಪಾಪ, ಮೂರು ವರ್ಷದ ಹಿಂದೆ ಆ ಗುಟ್ಟನ್ನು ಕಟ್ಟಿಕೊಂಡೇ ಹೋದಳು. ನಾನೂ ಒಳ್ಳೆಯವಳೇ, ಖುಷಿಯಲ್ಲೇ ಇದ್ದೆ, ಮದುಮಗಳು, ಮಾತ್ರೆ ನುಂಗುವ ಕೆಲಸ ತಪ್ಪಿತು ಅಂತ. ಅತ್ತೆ ಬದುಕಿರುವಷ್ಟು ದಿನ ಹೇಳುತ್ತಿದ್ದರು, ನಮ್ಮ ಸೊಸೆಗೆ ಟೈಫಾಯ್ಡ್ ಆದಮೇಲೆಯೇ ಮೈಗೆ ಗಟ್ಟಿ ಬಂದದ್ದು ಅಂತ, ಬಂದವರಿಗೆಲ್ಲ ಹೇಳುತ್ತಿದ್ದರು, ನಾನು ಚಾ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಹಾ ಹಾ ಎಂದು ಬಾಯಿ ತೆರೆದು ಬೀಸಿಕೊಳ್ಳುತ್ತಿದ್ದಾರೆ ನಮ್ಮ ಯಜಮಾನರು, ಮಗ ಸುಶಾಂತ್ ಇಷ್ಟು ಹೊತ್ತು ಪಾಠ ಮಾಡಿದ್ದು ಯಾರಿಗೋ, ಪಪ್ಪ, ಚಮಚದಲ್ಲಿ ಇಟ್ಟು ಮೇಲೆ ಸಣ್ಣ ತೂತು ಮಾಡಿ, ಒಳಗಿನ ಸಾರು ಹೀರಿ, ಆಮೇಲೆ ತಿನ್ನಿ, ಅವನು ಆಫೀಸಿನ ಕೆಲಸಕ್ಕೆ ಶಾಂಘೈಗೆ ಹೋಗಿ ಹದಿನೈದು ದಿನ ಇದ್ದು ಬಂದವನು, ಬಂದಾಗಿನಿಂದ ಅಲ್ಲಿಯದೇ ಜಪ, ಅಮ್ಮನ ಫಿಫ್ಟಿಯತ್ ಅಲ್ಲಿಯ ಊಟದಲ್ಲೇ ಆಗಬೇಕು ಅಂತ ಕ್ರೀಕ್ ಪಕ್ಕದ ಈ ಹೋಟೆಲಿನಲ್ಲಿ ಮೇಜು ಹಿಡಿದವನು, ಯಜಮಾನರು ನೈಫ್ ಪೇಟೆಯ ಅಂಗಡಿಯಲ್ಲಿ ಮೂವತ್ತು ವರ್ಷ ಯಾರ ಮಾತನ್ನೂ ಕೇಳದೆ ನಡೆಸಿದವರು, ಇಡೀ ಕಡುಬನ್ನು ಗುಳುಂ ಮಾಡಿದರು. ನಮ್ಮ ಕೊಟ್ಟೆ ಕಡುಬು ಹೀಗೆ ಮೋಸ ಮಾಡುದಿಲ್ಲ ಮಾರಾಯ ಎನ್ನುತ್ತಾರೆ, ಎಲ್ಲರೂ ನಗುತ್ತಾರೆ, ನಾನೂ ನಗಬೇಕು, ನಕ್ಕರೆ ಕೆಮ್ಮು, ತುಟಿ ಮಾತ್ರ ಅಗಲಿಸಿದೆ. ನೀನು ಎಂತಕ್ಕೆ ಮೂಗು ಮುಚ್ಚಿದ ಹಾಗೆ ಕೂತದ್ದು, ಎಲ್ಲರ ಕಡ್ಡಿ ಒಂದೇ ಬುಟ್ಟಿಗೆ ಅಂತ ನಿಂಗೆ ಹೇಸಿಗೆಯಾ, ಈಗ ಮಡಿ ಶುರುವಾಯ್ತಾ ಎಂದು ನನ್ನನ್ನು ಕೆಣಕುತ್ತಾರೆ, ಅಮ್ಮ ಈಸ್ ಬೀಯಿಂಗ್ ಹೈಜೀನಿಕ್ ಎನ್ನುತ್ತಾನೆ ಸುಶಾಂತ್, ಹೌದು ಮಗನೇ, ಅದನ್ನೇ ಮಾಡುತ್ತಿದ್ದೇನೆ, ನನಗೆ ನಿಮ್ಮ ಹೇಸಿಗೆ ಅಲ್ಲ ಕಣೋ. ಈ ಮನುಷ್ಯನ ಪಕ್ಕದಲ್ಲೇ ಇಷ್ಟು ವರ್ಷ ಮಲಗಿದ್ದೇನೆ, ಮೂರು ವಾರದಿಂದ ಕೆಮ್ಮುತ್ತಾ ಮಲಗಿದ್ದೇನೆ, ರಾತ್ರಿ ಎದ್ದು ಬಿಸಿನೀರು ತಂದುಕೊಟ್ಟದ್ದೂ ಅವರೇ, ಅವರಿಗೂ ಹತ್ತಿರಬಹುದು, ಛೆ, ಇಷ್ಟು ಹೊತ್ತು ಅದು ಹೊಳೆಯಲೇ ಇಲ್ಲವಲ್ಲ, ನಾನೆಂಥ ಹೆಂಡತಿ, ಗಂಡನ ಬಗ್ಗೆ ಹೆದರಲೂ ನೆನಪಾಗಲಿಲ್ಲ. ಎಮಿಲಿಯಾ ಅಂತ ಎದೆಯ ಮೇಲೆ ಹೆಸರು ಬರೆದುಕೊಂಡ ಫಿಲಿಪಿನೋ ಹುಡುಗಿ ದೊಡ್ಡ ಬೋಗುಣಿ ತಂದು ನನ್ನ ಮುಂದಿಡುತ್ತಾಳೆ, ಹ್ಯಾಪಿ ಬರ್ತ್‌ಡೇ ಮ್ಯಾಮ್, ಲಾಂಗ್ ಲೈಫ್ ನೂಡಲ್ಸ್, ಕಡಿಯಬಾರದಂತೆ, ತುಂಡು ಮಾಡಿದರೆ ಆಯುಷ್ಯ ತುಂಡಾಗುತ್ತದಂತೆ, ಒಂದೇ ಎಳೆಯನ್ನು ಕೊನೆಯವರೆಗೆ ಹೀರಬೇಕಂತೆ, ಸುಶಾಂತ್ ಫೋನು ಎತ್ತಿ ಹಿಡಿದ, ಅಮ್ಮ ಕಮಾನ್ ಎನ್ನುತ್ತಾನೆ, ಹೀರಿದೆ, ಎಳೆ ಮುಗಿಯುವುದೇ ಇಲ್ಲ, ಗಂಟಲಲ್ಲಿ ಕಚಗುಳಿ ಎದ್ದಿತು, ತಡೆ ರಾಜೀವಿ ತಡೆ, ಬಾಲೆ ನನ್ನ ಎಡಕ್ಕೆ ಕೈ ತಟ್ಟಿ ನಗುತ್ತಿದ್ದಾಳೆ — ತಡೆಯಲಾಗಲಿಲ್ಲ, ಕಡಿದೆ, ಸೆರಗನ್ನು ಬಾಯಿಗೆ ತುರುಕಿ ಎದ್ದೆ, ಕುರ್ಚಿ ಹಿಂದಕ್ಕೆ ಬಿತ್ತೇನೋ, ನೋಡಲಿಲ್ಲ.

ಹೆಂಗಸರ ಬಚ್ಚಲಿನ ಬೇಸಿನ್ನಿಗೆ ಬಗ್ಗಿ ಕೆಮ್ಮಿದೆ, ಕೆಮ್ಮಿದೆ, ಪಕ್ಕೆಲುಬು ನೋಯುವವರೆಗೆ, ಆಮೇಲೆ ಕಾಗದದಲ್ಲಿ ಉಗುಳಿ ದೀಪದ ಹತ್ತಿರ ಹಿಡಿದು ನೋಡಿದೆ, ಕೆಂಪು ಇಲ್ಲ, ಬಿಳಿ, ಬರೀ ಬಿಳಿ, ಆದರೆ ಆಗಲೂ ಮೊದಲ ತಿಂಗಳು ಬಿಳಿಯೇ ಇತ್ತಲ್ಲ, ಕೈ ತೊಳೆದೆ, ಮತ್ತೆ ತೊಳೆದೆ, ಕನ್ನಡಿಯಲ್ಲಿ ಕಾಣುವ ಹೆಂಗಸು ದಪ್ಪಗೇ ಇದ್ದಾಳೆ, ಮೈಸೂರು ಸಿಲ್ಕ್ ಉಟ್ಟಿದ್ದಾಳೆ, ರೋಗದವಳ ಹಾಗೆ ಕಾಣುವುದಿಲ್ಲ, ರೋಗದವರು ಹೀಗಿರುತ್ತಾರಾ. ಬಾಗಿಲು ತಳ್ಳಿಕೊಂಡು ಅಶ್ಮಿತಾ ಬಂದಳು, ಸದ್ಯ ಒಬ್ಬಳೇ, ಬಾಲೆ ಅಪ್ಪನ ಕೈಯಲ್ಲಿರಬೇಕು, ಬಂದವಳು ನನ್ನ ಬೆನ್ನು ಸವರಲಿಲ್ಲ, ಕೈಕಟ್ಟಿ ಗೋಡೆಗೆ ಒರಗಿ ನಿಂತಳು, ಅಮ್ಮ, ಒಂದು ಮಾತು ಕೇಳ್ತೇನೆ, ಸಿಟ್ಟು ಮಾಡ್ಬೇಡ, ನಿಂಗೆ ಬಾಲೆಯನ್ನು ನೋಡ್ಲಿಕ್ಕೆ ಮನಸ್ಸಿಲ್ವಾ. ನಾನು ನಲ್ಲಿ ನಿಲ್ಲಿಸಿದೆ. ಎಂತ ಹೇಳ್ತಿ ನೀನು. ಹೌದಲ್ವಾ, ಬಂದು ಒಂದೂವರೆ ಗಂಟೆ ಆಯ್ತು, ಒಂದ್ಸಲ ಎತ್ತಿಕೊಂಡಿಲ್ಲ, ಅವಳು ಕೈ ಚಾಚಿದ್ರೆ ನೀನು ಆ ಕಡೆ ತಿರುಗ್ತಿ, ಕಳೆದ ವಾರ ಅಬುಧಾಬಿಗೆ ಬರ್ತೇನೆ ಹೇಳಿ ಬರ್ಲಿಲ್ಲ, ಕಷ್ಟ ಆದ್ರೆ ಮೊದ್ಲೇ ಹೇಳ್ಬೇಕಿತ್ತು ಅಮ್ಮ, ನಾನು ಕೆಲಸಕ್ಕೆ ಒಪ್ಪುತ್ತಲೇ ಇರ್ಲಿಲ್ಲ, ಈಗ ಭಾನುವಾರ ಜಾಯಿನ್ ಆಗ್ಬೇಕು, ನಾನು ಎಲ್ಲಿಗೆ ಹೋಗ್ಲಿ. ಅವಳ ಕಣ್ಣು ತುಂಬಿತ್ತು, ನನ್ನ ಮಗಳು ಸಣ್ಣವಳಿದ್ದಾಗಿನ ಹಾಗೆಯೇ ಕೆಳತುಟಿ ನಡುಗುತ್ತಿತ್ತು, ಈಗ ಹೇಳು ಈಗ ಹೇಳು ಎನ್ನುತ್ತಿತ್ತು ಎದೆ, ಒಂದೇ ಮಾತು, ಇಬ್ಬರೇ ಇದ್ದೇವೆ, ಬಾಗಿಲು ಮುಚ್ಚಿದೆ, ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ, ಬಾಯಿ ತೆರೆದೆ — ನಂಗೆ ಸ್ವಲ್ಪ ಶೀತ ಮಗಾ, ಅವಳಿಗೆ ಅಂಟಿದ್ರೆ ಅಂತ. ಅಷ್ಟೇಯಾ ಎಂದಳು, ಒಂದೇ ಸಲ ಮುಖ ಅರಳಿತು, ಅಯ್ಯೋ ಅಮ್ಮ, ಅದಕ್ಕೆ ಹೀಗಾ, ಶೀತ ಅವಳಿಗೆ ಬರ್ತದೆ ಹೋಗ್ತದೆ, ಬ್ಯಾಗಲ್ಲಿ ಸಿರಪ್ ಉಂಟು, ನೆಬ್ಯುಲೈಸರ್ ಸಹ ಹಾಕಿದ್ದೇನೆ, ಎಂದು ನನ್ನನ್ನು ತಬ್ಬಿ ಹಿಡಿದಳು, ಕೆನ್ನೆಗೆ ಕೆನ್ನೆ ತಾಗಿಸಿ, ನಾನು ಉಸಿರು ಹಿಡಿದು ನಿಂತೆ, ಎಕ್ಸ್‌ರೇಗೆ ನಿಂತ ಹಾಗೆ, ಅವಳು ಬಿಡುವವರೆಗೂ ಹಿಡಿದೇ ಇದ್ದೆ. ಹೇಡಿ, ಹೇಡಿ ನೀನು ರಾಜೀವಿ.

ಮತ್ತೆ ಕುರ್ಚಿ, ಮತ್ತೆ ಹಲಗೆ ತಿರುಗುತ್ತಿದೆ, ಈಗ ಕಪ್ಪು ಸಾಸಿನಲ್ಲಿ ಹೊಳೆಯುವ ಇಡೀ ಮೀನು, ಯಾರೋ ನನ್ನ ತಟ್ಟೆಗೆ ಬಡಿಸಿದ್ದಾರೆ, ಸಿಹಿ ಮೀನು, ನಮ್ಮವರಿಗೆ ಸಿಹಿ ಮೀನು ಎಲ್ಲಾದರೂ ಸೇರುತ್ತದಾ, ಆದರೂ ತಿನ್ನುತ್ತಿದ್ದಾರೆ. ಬೇರೆ ಏನಾದರೂ ಹೇಳಿದರೆ ಆಗದಾ, ಮೊಣಕಾಲು ನೋವು, ಮಗು ಎತ್ತಲು ಆಗುವುದಿಲ್ಲ ಅಂತ — ನಿನ್ನೆ ತಾನೇ ಫಿಶ್ ಮಾರ್ಕೆಟಿನಿಂದ ಎರಡು ಚೀಲ ಹೊತ್ತು ನಡೆದು ಬಂದೆ ಅಂತ ಜಂಬ ಕೊಚ್ಚಿಕೊಂಡಿದ್ದೇನೆ. ಊರಿಗೆ ಹೋಗಬೇಕು, ತಮ್ಮನಿಗೆ ಹುಷಾರಿಲ್ಲ ಎಂದರೆ — ಇವರು ಈಗಲೇ ತಮ್ಮನಿಗೆ ಫೋನು ಹಚ್ಚುತ್ತಾರೆ. ಭಾನುವಾರದವರೆಗೆ ಮಾತ್ರ ಬಾಲೆ ನಿಮ್ಮಲ್ಲಿರಲಿ ಎಂದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂಬುದಕ್ಕೆ ಒಂದೇ ಉತ್ತರ, ಆ ಉತ್ತರದ ಹಿಂದೆ ಟೈಫಾಯ್ಡ್, ಟೈಫಾಯ್ಡಿನ ಹಿಂದೆ ಅಮ್ಮ, ಒಲೆ, ಮಾತ್ರೆ, ಮೋಸ. ಮೋಸ ಮಾಡಿ ಮದುವೆ ಮಾಡಿದ್ರಾ ನನ್ನನ್ನು ಎಂದು ಇವರು ಕೇಳಿದರೆ ಏನು ಹೇಳುವುದು, ಕೇಳದೆ ಸುಮ್ಮನಾದರೆ ಅದಕ್ಕಿಂತ ಭಯ. ನಮ್ಮ ಕಟ್ಟಡದಲ್ಲೇ ಇದ್ದ ಆಸ್ವಾಲ್ಡ್, ಎಷ್ಟು ಗಟ್ಟಿ ಮನುಷ್ಯ, ವೀಸಾ ಮೆಡಿಕಲ್‌ನಲ್ಲಿ ಅನ್‌ಫಿಟ್ ಅಂತ ಬಂದ ಮೇಲೆ ಲಿಫ್ಟಿನಲ್ಲಿ ಯಾರೂ ಅವನ ಜೊತೆ ಹತ್ತುತ್ತಿರಲಿಲ್ಲ, ನಾನೂ ಹತ್ತಲಿಲ್ಲ, ಮೊಬೈಲು ನೋಡುವ ಹಾಗೆ ಮಾಡಿ ನಿಂತೆ, ಅವನು ಬಾಗಿಲು ಮುಚ್ಚದ ಹಾಗೆ ಕೈಯಿಂದ ಹಿಡಿದು ಕಾದ, ಬನ್ನಿ ಅಕ್ಕ ಎಂದ, ಒಂದು ವಾರದಲ್ಲಿ ವೀಸಾ ರದ್ದು ಮಾಡಿ ಅವನನ್ನು ಊರಿಗೆ ಕಳಿಸಿದರು. ಅವನಿಗೆ ಬಂದದ್ದೇ ನನಗೂ ಬಂದಿತ್ತು ಎಂದು ಹೇಳಬಹುದಿತ್ತು ನಾನು. ನನ್ನನ್ನೂ ಕಳಿಸಲಿ, ನಾಳೆಯೇ ಕಳಿಸಲಿ, ಅದಕ್ಕೆ ಹೆದರಿಕೆ ಇದೆ, ಇಲ್ಲ ಎನ್ನುವುದಿಲ್ಲ, ಆದರೆ ಆ ಮಾತು ಕೇಳಿದ್ದೇನಲ್ಲ, ತಲೆಗೆ ಏರಿದರೆ ಮುಗೀತು ಎಂಬ ಮಾತು, ಇಷ್ಟಗಲದ ತಲೆ ಅದು, ನನ್ನ ಅಂಗೈಯಲ್ಲಿ ಹಿಡಿಸುತ್ತದೆ, ಎಳ್ಳೆಣ್ಣೆ ಹಚ್ಚಿದ್ದೇನೆ ಅದಕ್ಕೆ. ಈಗ ಅವಳು ನನ್ನ ಬಳೆ ಹಿಡಿದಿದ್ದಾಳೆ, ಕುರ್ಚಿಯಿಂದ ವಾಲಿ, ಬಾ ಬಾ ಬಾ ಎನ್ನುತ್ತಾ, ಬಿಡಿಸಿಕೊಳ್ಳಬೇಕು, ಬೆರಳು ಒಂದೊಂದಾಗಿ ಬಿಡಿಸಿದೆ, ಮತ್ತೆ ಹಿಡಿದಳು, ಅಜ್ಜಿಯನ್ನು ಬಿಡುದಿಲ್ಲ ನೋಡಿ ಎನ್ನುತ್ತಾನೆ ಪೃಥ್ವಿರಾಜ್, ಭಾರಿ ಪ್ರೀತಿಯಿಂದ. ಎಂಟು ಗಂಟೆ ಆಯಿತು. ಬಿಲ್ಲು ತರಲು ಹೇಳುತ್ತಾರೆ ಇನ್ನು, ಆಮೇಲೆ ಕಾರು.

ಬಿಲ್ಲು ಅಲ್ಲ, ಕೇಕು, ದೀಪ ಮಂದ ಮಾಡಿದರು, ಎಮಿಲಿಯಾ ಮುಂದೆ, ಹಿಂದೆ ನಾಲ್ಕು ಜನ ಚಪ್ಪಾಳೆ ತಟ್ಟುತ್ತಾ, ಐದು ಸೊನ್ನೆ ಎರಡು ಮೇಣದ ಬತ್ತಿ, ಊದಬೇಕು, ದೇವರೇ ಊದಬೇಕಾ, ಇದರ ಮೇಲೆ ಊದಿ ಇದನ್ನೇ ಮಕ್ಕಳಿಗೆ ತಿನ್ನಿಸುವುದಾ, ಕೈಯಿಂದ ಬೀಸಿ ಆರಿಸಿದೆ, ಊರಲ್ಲಿ ದೀಪ ಊದಬಾರದು ಹೇಳ್ತಾರೆ ಎಂದೆ, ಎಷ್ಟು ಬೇಗ ಸುಳ್ಳು ಹೊಳೆಯುತ್ತದೆ ನನಗೆ, ಅದು ಸುಳ್ಳೂ ಅಲ್ಲ. ಎಲ್ಲರೂ ಹಾಡುತ್ತಿದ್ದಾರೆ, ಪಕ್ಕದ ಮೇಜಿನವರೂ ಸೇರಿದರು, ಕತ್ತರಿಸಿದೆ, ಒಂದು ತುಂಡು ತಟ್ಟೆಗೆ, ನೀವೇ ತಿನ್ನಿ ಎಂದು ಇವರ ಕಡೆಗೆ ಸರಿಸಿದೆ, ಅದೆಲ್ಲ ಆಗುದಿಲ್ಲ ಎಂದು ಇವರು ಎದ್ದು ನಿಂತೇಬಿಟ್ಟರು, ಮೂವತ್ತು ವರ್ಷದ ಹೆಂಡತಿ, ನಾನೇ ತಿನ್ನಿಸ್ಬೇಕು, ಬಾಯಿ ತೆಗಿ ಮಾರಾಯ್ತಿ, ಯಲ್ಲಾ — ಸುಶಾಂತನ ಫೋನು, ಪೃಥ್ವಿರಾಜನ ಫೋನು, ಅಶ್ಮಿತಾಳದ್ದು, ಮೂರು ಸಣ್ಣ ಬೆಳಕು ನನ್ನ ಮುಖದ ಮೇಲೆ, ತುಟಿಗೆ ಕ್ರೀಮು ಒತ್ತಿದರು, ಕಚ್ಚಿದೆ, ಇಷ್ಟೇ ಇಷ್ಟು, ನನ್ನ ಹಲ್ಲಿನ ಗುರುತು ಅದರ ಮೇಲೆ ಬಿತ್ತು, ಸಾಕು ಈಗ ಅದನ್ನು ಕೆಳಗಿಡಿ, ಇಡುವುದಿಲ್ಲ, ನಮ್ಮಲ್ಲಿ ಯಾರು ಇಡುತ್ತಾರೆ, ಕಚ್ಚಿದ ತುಂಡು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವುದೇ ನಮ್ಮ ಹುಟ್ಟುಹಬ್ಬ, ಅಶ್ಮಿತಾಳ ಒಂದನೇ ವರ್ಷದಿಂದ ಹಾಗೇ ಮಾಡಿಕೊಂಡು ಬಂದವರು ನಾವು. ಉಳಿದರ್ಧ ಹಿಡಿದು ನನ್ನ ಮೇಲಿಂದ ಎಡಕ್ಕೆ ಬಾಗಿದರು, ಬಾಲೆಗೆ ಮೊದಲು, ಅಜ್ಜಿಯ ಎಂಜಲು ತಿಂದ್ರೆ ಅಜ್ಜಿಯ ಬುದ್ಧಿ ಬರ್ತದೆ, ಆ ಮಾಡು ಆ ಮಾಡು ಎಂದರು, ಬಾಲೆ ಬಾಯಿ ತೆರೆದಳು.

ಪೂರ್ತಿ ತೆರೆದಳು, ನಂಬಿ ತೆರೆದಳು, ಕೆಳಗಿನ ಎರಡು ಹಲ್ಲು, ಒದ್ದೆ ನಾಲಿಗೆ ಸ್ವಲ್ಪ ಮುಂದಕ್ಕೆ — ನನ್ನ ಕೈ ಯಾವಾಗ ಎದ್ದಿತೋ, ಇವರ ಕೈಗೆ ಫಟ್ ಎಂದು ಬಡಿಯಿತು, ತುಂಡು ಹಾರಿ ಗಾಜಿನ ಹಲಗೆಯ ಮೇಲೆ ಬಿತ್ತು, ಅಲ್ಲಿಂದ ನೆಲಕ್ಕೆ, ಹಾಡು ನಿಂತಿತು, ಎಂತದಿದು ರಾಜೀವಿ ಎನ್ನುತ್ತಾರೆ ಇವರು, ಅಮ್ಮ ಎನ್ನುತ್ತಾಳೆ ಅಶ್ಮಿತಾ, ವಾಟ್ ಹ್ಯಾಪನ್ಡ್ ಎನ್ನುತ್ತಾನೆ ಸುಶಾಂತ್, ಫೋನು ಇನ್ನೂ ಎತ್ತಿಯೇ ಇದೆ, ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೇನೆ, ಸೆರಗಿನ ಒಳಗಿನಿಂದ ಯಾರೋ ಮಾತಾಡುತ್ತಿದ್ದಾರೆ, ಮದುವೆಗೆ ಮೊದಲು ನಂಗೆ ಟಿ.ಬಿ. ಇತ್ತು, ಟೈಫಾಯ್ಡ್ ಅಲ್ಲ, ಮದ್ದು ಅರ್ಧಕ್ಕೆ ಬಿಟ್ಟಿದ್ದೆವು, ಈಗ ಪುನಃ ಬಂದ ಹಾಗೆ ಕಾಣ್ತದೆ, ಮೆಡಿಕಲ್‌ನವರು ಭಾನುವಾರ ಏ‍ಳೂವರೆಗೆ ಕರೆದಿದ್ದಾರೆ, ಬಾಲೆಯನ್ನು ನನ್ನ ಹತ್ರ ಬಿಡ್ಬೇಡಿ, ಕರ್ಕೊಂಡು ಹೋಗಿ — ನನ್ನ ಧ್ವನಿಯೇ ಅದು, ಇಷ್ಟು ಸುಲಭವಿತ್ತಾ, ಇಷ್ಟೇ ಮಾತಾ, ಮೂವತ್ತು ವರ್ಷ ಹೊತ್ತದ್ದು ಇಷ್ಟನ್ನೇಯಾ. ಇವರು ಮೆಲ್ಲನೆ ಕೂತರು, ಕರವಸ್ತ್ರ ತೆಗೆದು ಬೆರಳಿನ ಕ್ರೀಮು ಒರೆಸುತ್ತಿದ್ದಾರೆ, ಒಂದು ಬೆರಳು, ಇನ್ನೊಂದು ಬೆರಳು, ನನ್ನ ಕಡೆ ನೋಡುವುದಿಲ್ಲ, ಏನಾದರೂ ಹೇಳಿ ಮಾರಾಯ್ರೆ, ಬೈಯಿರಿ, ಬೆರಳು ಶುದ್ಧವಾದರೂ ಒರೆಸುತ್ತಲೇ ಇದ್ದಾರೆ. ಅಶ್ಮಿತಾ ಎದ್ದಳು, ನನ್ನ ಬಳಿಗೆ ಬರುತ್ತಾಳೆ ಅಂದುಕೊಂಡೆ, ಒಂದು ಕ್ಷಣ ನಿಜವಾಗಿ ಅಂದುಕೊಂಡೆ, ಅವಳು ಎತ್ತರದ ಕುರ್ಚಿಯನ್ನು ಹಿಂದಿನಿಂದ ಎರಡು ಕೈಯಲ್ಲಿ ಹಿಡಿದು ಎಳೆದಳು, ಮಗುವಿನ ಸಮೇತ, ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಕಿರ್ ಎನ್ನುತ್ತದೆ, ಒಂದು ಅಡಿ, ಎರಡು ಅಡಿ, ಸರಿ ಮಗಾ, ಹಾಗೇ, ನೀನು ಮಾಡುತ್ತಿರುವುದೇ ಸರಿ, ಇನ್ನೂ ಸ್ವಲ್ಪ ಹಿಂದಕ್ಕೆ, ಗೋಡೆಯವರೆಗೆ ಎಳಿ — ಬಾಲೆಗೆ ಏನೂ ಗೊತ್ತಾಗಲಿಲ್ಲ, ಅವಳು ಅಳುತ್ತಿಲ್ಲ, ಆಟ ಅಂದುಕೊಂಡಿದ್ದಾಳೆ, ಹಿಂದಕ್ಕೆ ಹಿಂದಕ್ಕೆ ಹೋಗುತ್ತಾ ನನ್ನನ್ನೇ ನೋಡುತ್ತಿದ್ದಾಳೆ, ಅಜ್ಜಿ ಕೊಡುತ್ತಾಳೆ ಅಂತ, ಬಾಯಿ ಮುಚ್ಚಿಲ್ಲ ಇನ್ನೂ, ಎರಡು ಹಲ್ಲು, ನಾಲಿಗೆಯ ಮೇಲೆ ಏನೂ ಇಲ್ಲ, ಬಾಯಿ ತೆರೆದೇ ಇದೆ, ನನ್ನ ಕಡೆಗೆ, ತೆರೆದೇ ಇದೆ